ಬ್ಯಾಟರಿ ಚೈನ್ ಸಾ ‘ಮಕ್ಕಳೂ ಹಿಡಿಯಬಹುದು’ ಎಂಬ ಮಾತು ನಿಜವೇ? ತೋಟದಲ್ಲಿ ಮೊದಲ ಸಲ ಬಳಸುವ ಮುನ್ನ ಓದಿ

ಮೊಬೈಲಿನಲ್ಲಿ ಈಗ ಪದೇ ಪದೇ ಕಾಣಿಸುವ ಒಂದು ಬಗೆಯ ವಿಡಿಯೊ ಇದೆ. ಒಬ್ಬರು ಒಂದೇ ಕೈಯಲ್ಲಿ ಪುಟ್ಟ ಗರಗಸ ಹಿಡಿದು, ತೋಳಿನ ದಪ್ಪದ ಕೊಂಬೆಯನ್ನು ಬೆಣ್ಣೆ ಕತ್ತರಿಸಿದಂತೆ ಕತ್ತರಿಸುತ್ತಾರೆ. ಪೆಟ್ರೋಲ್ ಬೇಡ, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು ಬೇಡ, ಹೊಗೆ ಇಲ್ಲ. ಕೆಳಗೆ ‘88 ವೋಲ್ಟ್, ಮಕ್ಕಳೂ ಬಳಸಬಹುದು, ಶಾಕ್ ಹೊಡೆಯಲ್ಲ’ ಎಂಬಂಥ ಸಾಲು. ಕೂಲಿಯಾಳು ಸಿಗದೆ ಒದ್ದಾಡುತ್ತಿರುವ ರೈತನಿಗೆ ಇದು ಆಸೆ ಹುಟ್ಟಿಸುವುದು ಸಹಜ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮಟ್ಟಿಗೆ ಈ ಆಸೆಗೆ ಕಾರಣವೂ ಇದೆ. ತೆಂಗು, ಅಡಿಕೆ ನಂಬಿದ ಬಯಲುಸೀಮೆ ಇದು. ಹಿರಿಯೂರು ಬಳಿಯ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ ಬರಗಾಲಗಳಲ್ಲಿ ಕೊಳವೆಬಾವಿ ಬತ್ತಿ, ಸುಳಿ ಒಣಗಿ ನಿಂತ ತೆಂಗಿನ ಮರಗಳನ್ನು ಈ ಭಾಗದ ರೈತರು ಕಣ್ಣಾರೆ ಕಂಡಿದ್ದಾರೆ. ಒಣಮರ ತೆಗೆಯಬೇಕು, ಬದುವಿನ ಬಳ್ಳಾರಿ ಜಾಲಿ ಸವರಬೇಕು, ಗಾಳಿಗೆ ಮುರಿದ ಕೊಂಬೆ ಇಳಿಸಬೇಕು. ಕೊಡಲಿಯಲ್ಲಿ ಇಡೀ ದಿನ ಹಿಡಿಯುವ ಕೆಲಸ ಈ ಯಂತ್ರದಲ್ಲಿ ಗಂಟೆಯೊಳಗೆ ಮುಗಿಯಬಹುದು.

ಹಾಗಾದರೆ ಫಾರ್ವರ್ಡ್‌ಗಳಲ್ಲಿ ಹೇಳುವುದೆಲ್ಲ ನಿಜವೇ? ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಕೈಕಾಲಿಗೆ ಕುತ್ತು ತರುವಂಥ ಸುಳ್ಳು. ಒಂದೊಂದಾಗಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಚೈನ್ ಸಾ ಅಂದರೆ ಸೈಕಲ್ ಚೈನಿನಂಥ ಒಂದು ಚೈನು, ಅದರ ಮೇಲೆ ಸಾಲಾಗಿ ಚೂಪಾದ ಹಲ್ಲುಗಳು. ಈ ಚೈನು ‘ಬಾರ್’ ಎಂಬ ಉದ್ದನೆಯ ಕಬ್ಬಿಣದ ಪಟ್ಟಿಯ ಸುತ್ತ ಓಡುತ್ತದೆ. ಓಡಿಸುವುದು ಪೆಟ್ರೋಲ್ ಎಂಜಿನ್ ಆಗಬಹುದು, ವಿದ್ಯುತ್ ಮೋಟರ್ ಆಗಬಹುದು. ವ್ಯತ್ಯಾಸ ಇರುವುದು ಓಡಿಸುವ ಶಕ್ತಿಯಲ್ಲಿ. ಕತ್ತರಿಸುವ ಹಲ್ಲು ಎರಡರಲ್ಲೂ ಒಂದೇ ಬಗೆಯದು.

ದೊಡ್ಡ ಬ್ಯಾಟರಿ ಚೈನ್ ಸಾಗಳಲ್ಲಿ ಚೈನು ಸೆಕೆಂಡಿಗೆ ಸುಮಾರು 10ರಿಂದ 20 ಮೀಟರ್ ವೇಗದಲ್ಲಿ ಓಡುತ್ತದೆ. ಗಂಟೆಯ ಲೆಕ್ಕದಲ್ಲಿ ಇದು 36ರಿಂದ 72 ಕಿಲೋಮೀಟರ್. ಹೆದ್ದಾರಿಯಲ್ಲಿ ಹೋಗುವ ಬಸ್ಸಿನ ವೇಗ ಅಂದುಕೊಳ್ಳಿ. ಆ ವೇಗದಲ್ಲಿ ಒಂದು ಸೆಕೆಂಡಿಗೆ ನೂರಾರು ಹಲ್ಲುಗಳು ಒಂದೇ ಜಾಗವನ್ನು ದಾಟಿ ಹೋಗುತ್ತವೆ. ಮಚ್ಚು ತಾಗಿದರೆ ಒಂದು ಗೆರೆಯಂತೆ ಗಾಯವಾಗುತ್ತದೆ. ಚೈನು ತಾಗಿದರೆ ಚರ್ಮ, ಮಾಂಸ, ನರ ಎಲ್ಲವನ್ನೂ ಕಿತ್ತು ತೆಗೆಯುತ್ತದೆ. ಅಂಥ ಗಾಯಕ್ಕೆ ಹೊಲಿಗೆ ಹಾಕುವುದೂ ಕಷ್ಟ.

ಬ್ಯಾಟರಿ ಸಾಗೆ ನಿಜವಾದ ಅನುಕೂಲಗಳಿವೆ. ಹೊಗೆ ಬರುವುದಿಲ್ಲ, ಕೈಗೆ ಅದುರುವಿಕೆ ಕಡಿಮೆ, ಬಿಸಿ ಸೈಲೆನ್ಸರ್ ತಾಗಿ ಸುಡುವ ಭಯವಿಲ್ಲ, ಪೆಟ್ರೋಲ್‌ಗೆ ಆಯಿಲ್ ಬೆರೆಸುವ ತಲೆನೋವಿಲ್ಲ. ಇಷ್ಟು ನಿಜ.

‘88 ವೋಲ್ಟ್ ಇದೆ, ಆನೆಬಲ’ ಎಂಬುದು ನಿಜವೇ?

ಅಂಗೈ ಗಾತ್ರದ ಬ್ಯಾಟರಿ ಇರುವ ಪುಟ್ಟ ಸಾ ಮೇಲೆ 48, 88, 128 ಎಂದೆಲ್ಲ ಬರೆದಿರುತ್ತದೆ. ಇದನ್ನು ನೀವೇ ಲೆಕ್ಕ ಹಾಕಿ ಪರೀಕ್ಷಿಸಬಹುದು.

ಇವುಗಳಲ್ಲಿರುವುದು ಲಿಥಿಯಂ ಅಯಾನ್ ಸೆಲ್‌ಗಳು. ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ 4.2 ವೋಲ್ಟ್ ಕೊಡುತ್ತದೆ, ಬಳಸುವಾಗ ಸರಾಸರಿ 3.6 ವೋಲ್ಟ್. ಐದು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಪೂರ್ತಿ ಚಾರ್ಜ್‌ನಲ್ಲಿ 21 ವೋಲ್ಟ್, ಸರಾಸರಿ 18 ವೋಲ್ಟ್. ಅಂದರೆ ‘18 ವೋಲ್ಟ್’ ಎಂದು ಬರೆದದ್ದೂ ‘21 ವೋಲ್ಟ್’ ಎಂದು ಬರೆದದ್ದೂ ಸಾಮಾನ್ಯವಾಗಿ ಒಂದೇ. ನಿಜವಾಗಿ 88 ವೋಲ್ಟ್ ಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು ಸೆಲ್ ಸಾಲಾಗಿ ಇರಬೇಕು. ಐದೋ ಹತ್ತೋ ಸೆಲ್ ಹಿಡಿಸುವ ಡಬ್ಬಿಯಲ್ಲಿ ಅದು ಸಾಧ್ಯವೇ ಇಲ್ಲ.

ಪತ್ತೆ ಹಚ್ಚುವ ಸುಲಭ ದಾರಿ ಹೀಗಿದೆ. ಜತೆಗೆ ಕೊಟ್ಟ ಚಾರ್ಜರ್ ತಿರುಗಿಸಿ ನೋಡಿ. ಔಟ್‌ಪುಟ್ 21 ವೋಲ್ಟ್ ಎಂದು ಇದ್ದರೆ ಬ್ಯಾಟರಿಯೂ ಅಷ್ಟೇ. ಡಬ್ಬದ ಮೇಲಿನ ದೊಡ್ಡ ಅಂಕಿ ಬರೀ ಅಲಂಕಾರ.

ಕೊಳ್ಳುವಾಗ ಕೇಳಬೇಕಾದದ್ದು ‘ವ್ಯಾಟ್ ಅವರ್’ ಎಷ್ಟು ಎಂದು. ವೋಲ್ಟ್ ಅನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಅದು ಸಿಗುತ್ತದೆ. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 72 ವ್ಯಾಟ್ ಅವರ್ ಶಕ್ತಿ ಇರುತ್ತದೆ. ಒಂದು ಯೂನಿಟ್ ಕರೆಂಟ್ ಅಂದರೆ 1,000 ವ್ಯಾಟ್ ಅವರ್. ಚಾರ್ಜ್ ಮಾಡುವಾಗ ಸೋರಿ ಹೋಗುವುದನ್ನು ಸೇರಿಸಿದರೂ ಒಂದು ಯೂನಿಟ್‌ನಲ್ಲಿ ಹತ್ತು ಸಲ ಚಾರ್ಜ್ ಮಾಡಬಹುದು. ಖರ್ಚು ಕಡಿಮೆ ಎಂಬ ಮಾತು ಹಾಗಾಗಿ ನಿಜ.

ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9,000 ವ್ಯಾಟ್ ಅವರ್ ಶಕ್ತಿ ಇದೆ. ಎಂಜಿನ್ ಅದರ ಐದನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ ಎಂದುಕೊಂಡರೂ 1,800 ವ್ಯಾಟ್ ಅವರ್ ಆಯಿತು. ಇದು ಮೇಲೆ ಹೇಳಿದ ಬ್ಯಾಟರಿಯ 25 ಚಾರ್ಜಿಗೆ ಸಮ. ಆದ್ದರಿಂದ ಸಣ್ಣ ಬ್ಯಾಟರಿ ಸಾ ಕೊಂಬೆ ಸವರಲು, ಸೌದೆ ತುಂಡು ಮಾಡಲು ಸರಿ. ಒಂದು ಎಕರೆ ಒಣ ತೆಂಗು ಇಳಿಸುತ್ತೇನೆ ಎಂದು ಹೊರಟರೆ ಅರ್ಧ ಕೊಯ್ದ ಮರದ ಬುಡದಲ್ಲಿ ಬ್ಯಾಟರಿ ಸತ್ತು ನಿಲ್ಲಬಹುದು. ಅರ್ಧ ಕೊಯ್ದು ಬಿಟ್ಟ ಮರದಷ್ಟು ಅಪಾಯ ಬೇರೆ ಇಲ್ಲ. ಅದು ಯಾವಾಗ, ಯಾರ ಮೇಲೆ ಬೀಳುತ್ತದೆ ಎಂದು ಹೇಳಲು ಬರುವುದಿಲ್ಲ.

‘ಸ್ವಿಚ್ ಬಿಟ್ಟರೆ ನಿಲ್ಲುತ್ತೆ, ಭಯವಿಲ್ಲ’ ಎಂಬುದು ಸರಿಯೇ?

ಅಪಘಾತ ಹೇಗೆ ಆಗುತ್ತದೆ ಎಂದು ಗೊತ್ತಾದರೆ ಈ ಮಾತಿನ ತಪ್ಪು ತಿಳಿಯುತ್ತದೆ. ಚೈನ್ ಸಾ ಬಳಸುವವರು ಹೆಚ್ಚು ಹೆದರಬೇಕಾದದ್ದು ‘ಕಿಕ್‌ಬ್ಯಾಕ್’ಗೆ. ಅಂದರೆ ಸಾ ತಟ್ಟನೆ ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಒದೆಯುವುದು.

ಬಾರಿನ ತುದಿ ದುಂಡಗಿರುತ್ತದೆ. ಆ ತುದಿಯ ಮೇಲ್ಭಾಗದಲ್ಲಿ ಹಲ್ಲುಗಳು ಮುಂದಕ್ಕೆ ಓಡಿ ಕೆಳಕ್ಕೆ ತಿರುಗುತ್ತಿರುತ್ತವೆ. ಆ ಜಾಗ ಪಕ್ಕದ ಕೊಂಬೆಗೋ ಕಲ್ಲಿಗೋ ತಾಗಿದರೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತದೆ. ಚೈನನ್ನು ಓಡಿಸುತ್ತಿದ್ದ ಬಲ ಎಲ್ಲಿಗೆ ಹೋಗಬೇಕು? ಇಡೀ ಸಾವನ್ನೇ ಹಿಂದಕ್ಕೆ, ಮೇಲಕ್ಕೆ ಎಸೆಯುತ್ತದೆ. ಇದು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದು ಹೋಗುತ್ತದೆ. ಮನುಷ್ಯ ಒಂದನ್ನು ಕಂಡು ಕೈ ಅಲ್ಲಾಡಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಸ್ವಿಚ್ ಬಿಡಬೇಕೆಂದು ನಿಮಗೆ ಹೊಳೆಯುವ ಮೊದಲೇ ಗಾಯ ಆಗಿರುತ್ತದೆ.

ಈ ಕಾರಣಕ್ಕೇ ಒಳ್ಳೆಯ ಸಾಗಳಲ್ಲಿ ಮುಂದಿನ ಹಿಡಿಯ ಎದುರು ಒಂದು ಅಡ್ಡಪಟ್ಟಿ ಇರುತ್ತದೆ. ಅದು ಚೈನ್ ಬ್ರೇಕ್. ಸಾ ಒದ್ದಾಗ ಆ ಪಟ್ಟಿ ಮುಂದಕ್ಕೆ ಬಾಗಿ, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಚೈನನ್ನು ನಿಲ್ಲಿಸುತ್ತದೆ. 4 ಇಂಚು, 6 ಇಂಚಿನ ಪುಟ್ಟ ಸಾಗಳಲ್ಲಿ ಹೆಚ್ಚಿನವಕ್ಕೆ ಈ ಬ್ರೇಕ್ ಇರುವುದೇ ಇಲ್ಲ. ‘ಚಿಕ್ಕದು, ಆದ್ದರಿಂದ ಸುರಕ್ಷಿತ’ ಎಂಬ ನಂಬಿಕೆ ಇಲ್ಲಿ ಮುರಿದು ಬೀಳುತ್ತದೆ. ಪುಟ್ಟ ಸಾವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದುಕೊಳ್ಳುವ ಅಭ್ಯಾಸ ಬೇಗ ಬರುತ್ತದೆ. ಕೊಂಬೆ ಹಿಡಿದ ಆ ಕೈಯ ಬೆರಳು ಚೈನಿಗೆ ಗೇಣು ದೂರದಲ್ಲಿರುತ್ತದೆ.

ಬ್ಯಾಟರಿ ಸಾಗೆ ಇನ್ನೊಂದು ಗುಣವಿದೆ. ಪೆಟ್ರೋಲ್ ಸಾ ಕೈಯಲ್ಲಿದ್ದಾಗ ಅದರ ಸದ್ದೇ ಎಚ್ಚರಿಕೆ ಕೊಡುತ್ತಿರುತ್ತದೆ. ಬ್ಯಾಟರಿಯದು ಸದ್ದಿಲ್ಲದೆ ಕಾಯುತ್ತಿರುತ್ತದೆ. ಸ್ವಿಚ್ ಒತ್ತಿದ ಕ್ಷಣಕ್ಕೆ ಪೂರ್ತಿ ಬಲ ಬರುತ್ತದೆ. ಚೈನಿಗೆ ಸಿಕ್ಕಿದ ಸೋಗೆಯ ನಾರು ಬಿಡಿಸಲು ಹೋದಾಗ ಹೆಬ್ಬೆರಳು ಸ್ವಿಚ್ ಮೇಲೆ ಬಿದ್ದರೆ ಸಾಕು. ಆದ್ದರಿಂದ ಚೈನನ್ನು ಮುಟ್ಟುವ ಮೊದಲು, ಜಾಗ ಬದಲಿಸುವ ಮೊದಲು, ಊಟಕ್ಕೆ ಏಳುವ ಮೊದಲು ಬ್ಯಾಟರಿ ಹೊರಗೆ ತೆಗೆಯಬೇಕು. ಈ ಒಂದು ನಿಯಮವನ್ನು ಮನೆಮಂದಿಯೆಲ್ಲ ಕಲಿತರೆ ಸಾಕಷ್ಟು ಬೆರಳು ಉಳಿಯುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಸಾ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ಇಡಿ. ‘ಮಕ್ಕಳೂ ಹಿಡಿಯಬಹುದು’ ಎಂಬುದು ಈ ಫಾರ್ವರ್ಡ್‌ಗಳಲ್ಲಿರುವ ಅತಿ ಕೆಟ್ಟ ಸುಳ್ಳು.

‘ಬ್ಯಾಟರಿ ಸಾ ಆದ್ದರಿಂದ ಶಾಕ್ ಹೊಡೆಯಲ್ಲ’ ಎಂಬುದು ನಿಜವೇ?

ಬ್ಯಾಟರಿಯ 18 ವೋಲ್ಟ್‌ನಿಂದ ಶಾಕ್ ಆಗುವುದಿಲ್ಲ ಎಂಬುದು ನಿಜ. ಆದರೆ ತೋಟದಲ್ಲಿ ಶಾಕ್ ಬರುವುದು ಸಾನಿಂದ ಅಲ್ಲ, ತಲೆಯ ಮೇಲಿನ ತಂತಿಯಿಂದ. ತೋಟದ ಮೇಲೆ ಹಾದು ಹೋಗುವ ಪಂಪ್‌ಸೆಟ್ ಲೈನ್, 11 ಕೆ.ವಿ. ಲೈನ್ ನೆನಪಿಸಿಕೊಳ್ಳಿ. ಹಸಿ ಕೊಂಬೆಯಲ್ಲಿ, ಹಸಿ ಸೋಗೆಯಲ್ಲಿ ನೀರಿನಂಶ ಇರುವುದರಿಂದ ಅವು ಕರೆಂಟನ್ನು ಹರಿಸುತ್ತವೆ. ಕೊಂಬೆ ಬಿದ್ದು ತಂತಿಗೆ ತಾಗಿದರೆ ಬುಡದಲ್ಲಿ ನಿಂತವರಿಗೆ ಸಾನ ಬ್ಯಾಟರಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

‘ಈಗ ತ್ರೀ ಫೇಸ್ ಇಲ್ಲ, ಲೈನ್ ಆಫ್ ಇದೆ’ ಎಂಬ ಲೆಕ್ಕಾಚಾರವೂ ಬೇಡ. ಕರೆಂಟ್ ಯಾವ ಕ್ಷಣದಲ್ಲಾದರೂ ಬರಬಹುದು. ಸಿಂಗಲ್ ಫೇಸ್ ಇರುವಾಗಲೂ ತಂತಿಯಲ್ಲಿ ಜೀವ ಇರುತ್ತದೆ. ಚಿತ್ರದುರ್ಗ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಬರುತ್ತದೆ. ಸಹಾಯವಾಣಿ 1912. ತಂತಿಯ ಹತ್ತಿರದ ಮರ ತೆಗೆಯಬೇಕಿದ್ದರೆ ಲೈನ್‌ಮನ್‌ಗೆ ತಿಳಿಸಿ, ಅವರು ಲೈನ್ ಬಂದ್ ಮಾಡಿದ್ದೇವೆ ಎಂದು ಹೇಳಿದ ಮೇಲೆಯೇ ಕೆಲಸ ಶುರು ಮಾಡಿ.

‘ಇದಕ್ಕೆ ಆಯಿಲ್ ಬೇಡ’ ಎಂಬುದು ಸರಿಯೇ?

ಮೋಟರ್‌ಗೆ ಆಯಿಲ್ ಬೇಡ, ಚೈನಿಗೆ ಬೇಕೇ ಬೇಕು. ಕಬ್ಬಿಣದ ಪಟ್ಟಿಯ ಮೇಲೆ ಕಬ್ಬಿಣದ ಚೈನು ಅಷ್ಟು ವೇಗದಲ್ಲಿ ಓಡುವಾಗ ಆಯಿಲ್ ಇಲ್ಲದಿದ್ದರೆ ಕೆಲವೇ ನಿಮಿಷದಲ್ಲಿ ಕಾದು ಹಿಗ್ಗುತ್ತದೆ, ಸಡಿಲವಾಗಿ ಕಳಚುತ್ತದೆ. ದೊಡ್ಡ ಸಾಗಳಲ್ಲಿ ಅದಕ್ಕೆಂದೇ ಸಣ್ಣ ಟ್ಯಾಂಕ್ ಇರುತ್ತದೆ. ಪುಟ್ಟ ಸಾಗಳಿಗೆ ಆಗಾಗ ಕೈಯಿಂದಲೇ ಹಾಕಬೇಕು.

ಗ್ಯಾರೇಜಿನ ವೇಸ್ಟ್ ಆಯಿಲ್ ಹಾಕಿದರೆ ಸಾಕು ಎಂಬ ಸಲಹೆಯೂ ಓಡಾಡುತ್ತದೆ. ಅದನ್ನು ಪಾಲಿಸಬೇಡಿ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. ಚೈನು ಓಡುವಾಗ ಅದು ಹನಿಹನಿಯಾಗಿ ನಿಮ್ಮ ಕೈ, ಬಟ್ಟೆ, ತೋಟದ ಮಣ್ಣಿನ ಮೇಲೆ ಎರಚುತ್ತದೆ. ಚೈನಿಗೆಂದೇ ಮಾರುವ ಆಯಿಲ್ ತನ್ನಿ.

ತೆಂಗು, ಅಡಿಕೆ, ಬಳ್ಳಾರಿ ಜಾಲಿ: ನಮ್ಮ ಮರಗಳ ಸ್ವಭಾವ ಬೇರೆ

ಚೈನ್ ಸಾ ಬಗ್ಗೆ ಮೊಬೈಲಿನಲ್ಲಿ ಸಿಗುವ ಹೆಚ್ಚಿನ ವಿಡಿಯೊಗಳು ಹೊರದೇಶದವು. ಅಲ್ಲಿ ಕೊಯ್ಯುವುದು ಪೈನ್, ಓಕ್ ಮರಗಳನ್ನು. ನಮ್ಮ ಮರಗಳಿಗೆ ಅದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ತೆಂಗಿನ ಮರ ಸಸ್ಯಶಾಸ್ತ್ರದ ಪ್ರಕಾರ ಹುಲ್ಲಿನ ದೂರದ ನೆಂಟ. ಇದರ ಕಾಂಡದಲ್ಲಿ ವರ್ಷಕ್ಕೊಂದರಂತೆ ಬೆಳೆಯುವ ಉಂಗುರಗಳಿಲ್ಲ. ಹೊರಗಡೆ ಕಬ್ಬಿಣದಂಥ ಗಟ್ಟಿ ನಾರು, ನಡುವೆ ಮೆದು. ಆ ಹೊರ ನಾರು ಚೈನಿನ ಹಲ್ಲನ್ನು ಬೇಗ ಮೊಂಡಾಗಿಸುತ್ತದೆ. ಉದ್ದನೆಯ ನಾರು ಸುತ್ತಿಕೊಂಡು ಚೈನು ಸಿಕ್ಕಿಹಾಕಿಕೊಳ್ಳುವುದೂ ಉಂಟು. ಒಣಗಿ ವರ್ಷಗಟ್ಟಲೆ ನಿಂತ ತೆಂಗು ಇನ್ನೂ ಮೋಸ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಕೊಳೆತು ಪೊಳ್ಳಾಗಿರಬಹುದು. ಬುಡದಲ್ಲಿ ಸಾ ಇಟ್ಟು ಅದುರಿಸಿದಾಗ ಮೇಲಿನ ಸುಳಿಯ ಭಾಗವೇ ಮುರಿದು ನೇರವಾಗಿ ತಲೆಯ ಮೇಲೆ ಬೀಳಬಹುದು. ಹೀಗೆ ನಿಂತ ಒಣ ತೆಂಗನ್ನು ಹೊಸಬರು ಕೆಡವಲು ಹೋಗಬಾರದು, ಹತ್ತಲಂತೂ ಬಾರದು.

ಅಡಿಕೆ ಮರ ತೆಳ್ಳಗಿರುವುದರಿಂದ ಹಗುರವಾಗಿ ಕಾಣುತ್ತದೆ. ಆದರೆ ಅದು ಉದ್ದ, ಬಳುಕುತ್ತದೆ. ಬೀಳುವಾಗ ಪಕ್ಕದ ಮರಕ್ಕೆ ಒರಗಿ ಬಿಲ್ಲಿನಂತೆ ಬಾಗಿ ನಿಂತರೆ ಅದರ ಬುಡ ಹಿಂದಕ್ಕೆ ಸಿಡಿದು ಎದೆಗೋ ಕಾಲಿಗೋ ಬಡಿಯಬಹುದು.

ಬಳ್ಳಾರಿ ಜಾಲಿಯದು ಬೇರೆಯೇ ಕಥೆ. ಕೆರೆಯಂಗಳ, ಬದು, ಬೀಳುಭೂಮಿ ಎಲ್ಲೆಡೆ ಹಬ್ಬಿರುವ ಈ ಮರ ಮಧ್ಯ, ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಒಂದೇ ಬುಡದಿಂದ ಹತ್ತಾರು ಕಾಂಡ ಹೊರಟು, ಒಂದಕ್ಕೊಂದು ಹೆಣೆದು, ನೆಲಕ್ಕೆ ಬಾಗಿರುತ್ತವೆ. ಒಂದನ್ನು ಕೊಯ್ದರೆ ಇನ್ನೊಂದು ಸಿಡಿಯುತ್ತದೆ. ಬಾರಿನ ತುದಿ ಕಣ್ಣಿಗೆ ಕಾಣದ ಹಿಂದಿನ ಕೊಂಬೆಗೆ ತಾಗಿ ಸಾ ಒದೆಯಲು ಇಷ್ಟು ಹೇಳಿ ಮಾಡಿಸಿದ ಜಾಗ ಬೇರೆ ಇಲ್ಲ. ಮೊದಲು ಮಚ್ಚಿನಿಂದ ಹೊರಗಿನ ಮುಳ್ಳು ರೆಂಬೆಗಳನ್ನು ಸವರಿ, ಜಾಗ ಬಿಡಿಸಿಕೊಂಡು, ಆಮೇಲೆ ಹೊರಗಿನಿಂದ ಒಳಕ್ಕೆ ಒಂದೊಂದೇ ಕಾಂಡ ತೆಗೆಯಬೇಕು. ಮುಳ್ಳು ಚುಚ್ಚಿದರೆ ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷ ಆಯಿತು ಎಂದು ವೈದ್ಯರಿಗೆ ಹೇಳಿ.

‘ಬುಡಕ್ಕೆ ಕೊಯ್ದರೆ ಜಾಲಿ ಸಾಯುತ್ತದೆ’ ಎಂಬುದೂ ತಪ್ಪು. ಮಣ್ಣಿನ ಒಳಗಿರುವ ಬೊಡ್ಡೆಯಿಂದ ಅದು ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ನಿಜವಾಗಿ ತೆಗೆಯಬೇಕಿದ್ದರೆ ಬೊಡ್ಡೆಯನ್ನೇ ಅಗೆದು ಕೀಳಬೇಕು. ಬೊಡ್ಡೆ ತೆಗೆಯುತ್ತೇನೆ ಎಂದು ಮಣ್ಣಿಗೆ ಚೈನ್ ಸಾ ಇಳಿಸಿದರೆ ಒಂದೇ ಕ್ಷಣದಲ್ಲಿ ಹಲ್ಲು ಮೊಂಡಾಗುತ್ತದೆ, ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಬೇಸಗೆಯ ಒಣಹುಲ್ಲಿನಲ್ಲಿ ಆ ಕಿಡಿ ಬೆಂಕಿಯಾಗಬಹುದು.

ಇನ್ನು ಗಾಳಿ. ದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿಯಲ್ಲಿ ತೆಂಗಿನ ತಲೆ ಹಾಯಿಯಂತೆ ಕೆಲಸ ಮಾಡುತ್ತದೆ. ಮರ ಯಾವ ಕಡೆ ಬೀಳಬೇಕೆಂದು ನೀವು ಲೆಕ್ಕ ಹಾಕಿದ್ದರೂ ಕೊನೆಯ ಗಳಿಗೆಯಲ್ಲಿ ಗಾಳಿ ಬೇರೆ ತೀರ್ಮಾನ ಮಾಡಬಹುದು. ಗಾಳಿ ಜೋರಿದ್ದ ದಿನ ಮರ ಇಳಿಸುವ ಕೆಲಸ ಬೇಡ.

ಹಾಗಾದರೆ ಮೊದಲ ದಿನ ಏನು ಮಾಡಬೇಕು?

ಮರ ಕೆಡವಬೇಡಿ. ನೆಲದ ಮೇಲೆ ಬಿದ್ದಿರುವ, ಬಾರಿನ ಉದ್ದಕ್ಕಿಂತ ಕಡಿಮೆ ದಪ್ಪದ ಒಂದು ಸೌದೆ ತುಂಡಿನಿಂದ ಶುರು ಮಾಡಿ. ಕ್ರಮ ಹೀಗಿರಲಿ.

ಮೊದಲಿಗೆ ಬಟ್ಟೆ. ಪಂಚೆ, ಲುಂಗಿ, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು, ದುಪಟ್ಟಾ ಯಾವುದೂ ಇರಬಾರದು. ಮೈಗೆ ಒಪ್ಪುವ ಪ್ಯಾಂಟು, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ತಲೆಗೆ ಹೆಲ್ಮೆಟ್. ಚಪ್ಪಲಿಯಲ್ಲಿ ಈ ಕೆಲಸ ಬೇಡ. ಜೀನ್ಸ್ ಪ್ಯಾಂಟ್ ಚೈನನ್ನು ತಡೆಯುತ್ತದೆ ಎಂಬುದು ಭ್ರಮೆ. ಚೈನ್ ಸಾಗೆಂದೇ ಮಾಡಿದ ಪ್ಯಾಂಟುಗಳಲ್ಲಿ ಉದ್ದನೆಯ ನಾರಿನ ಪದರಗಳಿದ್ದು, ಅವು ಚೈನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಆದರೆ ಬಲವಾದ ವಿದ್ಯುತ್ ಮೋಟರ್‌ಗಳ ಎದುರು ಅವು ಪ್ರತಿ ಸಲ ಗೆಲ್ಲುತ್ತವೆ ಎಂದಿಲ್ಲ. ಹಾಕಿಕೊಂಡರೆ ಒಳ್ಳೆಯದು, ಅದನ್ನೇ ನಂಬಿ ಕೂರಬಾರದು.

ಕಿವಿಗೂ ರಕ್ಷಣೆ ಬೇಕು. ಬ್ಯಾಟರಿ ಸಾ ಸದ್ದು ಪೆಟ್ರೋಲ್‌ನದಕ್ಕಿಂತ ಕಡಿಮೆ ಎಂಬುದು ನಿಜ. ಆದರೂ ಬಳಸುವವರ ಕಿವಿಯ ಬಳಿ 80ರಿಂದ 95 ಡೆಸಿಬೆಲ್‌ವರೆಗೆ ಇರಬಹುದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂಬುದು ತಜ್ಞರು ಒಪ್ಪುವ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬೆಲ್‌ಗೆ ಬರುವ ಹೊತ್ತಿಗೆ ಒಂದೇ ಗಂಟೆ. ದಿನವಿಡೀ ಕೂಲಿಗೆ ಮರ ಕೊಯ್ಯುವವರು ಕಿವಿ ಮುಚ್ಚಿಕೊಳ್ಳದಿದ್ದರೆ ಕಿವುಡು ನಿಧಾನವಾಗಿ ಬರುತ್ತದೆ.

ನಂತರ ಚೈನು. ಬ್ಯಾಟರಿ ತೆಗೆದು, ಗ್ಲೌಸ್ ಹಾಕಿಕೊಂಡು ಪರೀಕ್ಷಿಸಿ. ಚೈನು ಬಾರಿನ ಕೆಳಗೆ ಜೋತು ಬೀಳಬಾರದು, ಕೈಯಿಂದ ಎಳೆದರೆ ಸುಲಭವಾಗಿ ಸರಿಯಬೇಕು. ಹೊಸ ಚೈನು ಮೊದಲ ಕೆಲವು ಕೊಯ್ತದಲ್ಲೇ ಸಡಿಲಾಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಮತ್ತೊಮ್ಮೆ ನೋಡಿ ಬಿಗಿ ಮಾಡಿ. ಹಲ್ಲು ಯಾವ ದಿಕ್ಕಿಗೆ ನೋಡುತ್ತಿವೆ ಎಂಬುದನ್ನೂ ಗಮನಿಸಿ. ಬಾರಿನ ಮೇಲ್ಭಾಗದಲ್ಲಿ ಅವು ತುದಿಯ ಕಡೆಗೆ ಮುಖ ಮಾಡಿರಬೇಕು. ‘ಹೊಸ ಮಷಿನ್, ಕೊಯ್ಯುತ್ತಲೇ ಇಲ್ಲ’ ಎಂಬ ದೂರಿಗೆ ಚೈನನ್ನು ತಿರುಗುಮುರುಗು ಹಾಕಿರುವುದೂ ಒಂದು ಕಾರಣ.

ಹಿಡಿಯುವ ರೀತಿ: ಬಲಗೈ ಹಿಂದಿನ ಹಿಡಿಯಲ್ಲಿ, ಎಡಗೈ ಮುಂದಿನ ಹಿಡಿಯಲ್ಲಿ, ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು. ಎಡಚರಿಗೂ ಇದೇ ಕ್ರಮ, ಯಾಕೆಂದರೆ ಯಂತ್ರವನ್ನು ಮಾಡಿರುವುದೇ ಹಾಗೆ. ಕಾಲು ಅಗಲಿಸಿ ಗಟ್ಟಿಯಾಗಿ ನಿಲ್ಲಿ. ನಿಮ್ಮ ತಲೆ, ಕುತ್ತಿಗೆ ಚೈನಿನ ನೇರಕ್ಕೆ ಇರದಂತೆ ತುಸು ಪಕ್ಕಕ್ಕೆ ನಿಲ್ಲಿ. ಭುಜಕ್ಕಿಂತ ಮೇಲೆ ಸಾ ಎತ್ತಬೇಡಿ. ಏಣಿಯ ಮೇಲೆ ನಿಂತು ಬಳಸಲೇಬೇಡಿ.

ಮರಕ್ಕೆ ತಾಗಿಸುವ ಮೊದಲೇ ಚೈನು ಪೂರ್ತಿ ವೇಗಕ್ಕೆ ಬರಲಿ. ಬಾರಿನ ಬುಡದ ಕಡೆಯಿಂದ ಕೊಯ್ಯಿರಿ, ತುದಿಯಿಂದ ಅಲ್ಲ. ಒತ್ತಬೇಡಿ, ಸಾನ ತೂಕವೇ ಸಾಕು. ಚೈನು ಚೂಪಾಗಿದ್ದರೆ ದಪ್ಪ ದಪ್ಪ ಚೂರು ಉದುರುತ್ತದೆ. ನುಣ್ಣನೆಯ ಹೊಟ್ಟು ಬರುತ್ತಿದ್ದರೆ, ಹೊಗೆ ವಾಸನೆ ಬಂದರೆ ಹಲ್ಲು ಮೊಂಡಾಗಿದೆ ಎಂದು ಅರ್ಥ. ಮೊಂಡು ಚೈನಿನಲ್ಲಿ ಒತ್ತಿ ಒತ್ತಿ ಕೊಯ್ಯುವಾಗಲೇ ಕೈ ಜಾರುತ್ತದೆ.

ತುಂಡು ಎಲ್ಲಿ ಬಾಗಿದೆ ಎಂದು ನೋಡಿ. ಎರಡೂ ತುದಿ ಕಲ್ಲಿನ ಮೇಲಿದ್ದು ನಡುವೆ ಜೋತಿದ್ದರೆ ಮೇಲ್ಭಾಗ ಅದುಮಿಕೊಂಡಿರುತ್ತದೆ, ಕೆಳಭಾಗ ಎಳೆದುಕೊಂಡಿರುತ್ತದೆ. ಮೇಲಿನಿಂದ ಪೂರ್ತಿ ಕೊಯ್ಯುತ್ತ ಹೋದರೆ ಸಾ ಕಚ್ಚಿಕೊಳ್ಳುತ್ತದೆ. ಮೊದಲು ಅದುಮಿದ ಕಡೆ ಮೂರನೇ ಒಂದು ಭಾಗದಷ್ಟು ಕೊಯ್ದು, ಆಮೇಲೆ ಎಳೆದುಕೊಂಡಿರುವ ಕಡೆಯಿಂದ ಮುಗಿಸಬೇಕು. ಸಾ ಸಿಕ್ಕಿಕೊಂಡರೆ ಜಗ್ಗಬೇಡಿ. ಬ್ಯಾಟರಿ ತೆಗೆದು, ಸಂದಿಗೆ ಮರದ ಬೆಣೆ ಹೊಡೆದು ಬಿಡಿಸಿ.

ನಿಂತ ಮರ ಕೆಡವುವುದನ್ನು ಅನುಭವಿಗಳ ಜತೆ ನಿಂತು ಹಲವು ಸಲ ನೋಡಿದ ಮೇಲೆ ಕಲಿಯಿರಿ. ಬೀಳಬೇಕಾದ ಕಡೆ ಕಚ್ಚು ತೆಗೆಯುವುದು, ಹಿಂದಿನಿಂದ ಕೊಯ್ಯುವುದು, ನಡುವೆ ಕೀಲಿನಂತೆ ಒಂದು ಪಟ್ಟಿ ಮರ ಉಳಿಸುವುದು ಇವೆಲ್ಲ ಕಣ್ಣಳತೆಯ ವಿದ್ಯೆ. ಆ ಕೀಲನ್ನು ಪೂರ್ತಿ ಕೊಯ್ದುಬಿಟ್ಟರೆ ಮರ ಯಾರ ಮಾತನ್ನೂ ಕೇಳುವುದಿಲ್ಲ. ಕೆಲಸ ನಡೆಯುವಾಗ ಉಳಿದವರು ಮರದ ಎತ್ತರದ ಎರಡರಷ್ಟು ದೂರ ಇರಬೇಕು. ಹಗ್ಗ ಎಳೆಯುವವರಿಗೂ ಉದ್ದನೆಯ ಹಗ್ಗವೇ ರಕ್ಷಣೆ.

ಬ್ಯಾಟರಿಗೂ ಬಿಸಿಲಿಗೂ ಆಗದು

ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿ ಇರುವಾಗ ಚಾರ್ಜ್ ಮಾಡಬಾರದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಟ್ರ್ಯಾಕ್ಟರ್ ಮೇಲೆ, ತಗಡಿನ ಶೆಡ್ಡಿನಲ್ಲಿ, ಮುಚ್ಚಿದ ಕಾರಿನಲ್ಲಿ ಬಿಟ್ಟ ಬ್ಯಾಟರಿ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಬಳಸಿ ಬಿಸಿಯಾದ ಬ್ಯಾಟರಿಯನ್ನು ನೆರಳಿನಲ್ಲಿ ಆರಲು ಬಿಟ್ಟು ಆಮೇಲೆ ಚಾರ್ಜ್‌ಗೆ ಹಾಕಿ. ರಾತ್ರಿಯಿಡೀ ಚಾರ್ಜ್‌ಗೆ ಇಟ್ಟು ಪಕ್ಕದಲ್ಲಿ ಮಲಗುವುದು ಬೇಡ. ಉಬ್ಬಿದ, ಬಿರುಕು ಬಿಟ್ಟ, ನೀರಿಗೆ ಬಿದ್ದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಬೇರೆ ಮಷಿನ್ನಿನ ಚಾರ್ಜರ್ ಹಾಕಬೇಡಿ. ಕೆಲಸದ ನಡುವೆ ಸಾ ತಾನಾಗಿಯೇ ನಿಂತರೆ ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡಿ. ಬ್ಯಾಟರಿ ಬಿಸಿಯಾದಾಗ ಅಥವಾ ಖಾಲಿಯಾದಾಗ ಒಳಗಿನ ರಕ್ಷಣಾ ವ್ಯವಸ್ಥೆಯೇ ಹಾಗೆ ನಿಲ್ಲಿಸುತ್ತದೆ.

ಗಾಯವಾದರೆ ಅರಿಶಿನ, ಕಾಫಿಪುಡಿ ಹಾಕಬೇಕೇ?

ಬೇಡ. ಅರಿಶಿನ, ಕಾಫಿಪುಡಿ, ಸುಣ್ಣ, ಮಣ್ಣು ಯಾವುದೂ ದೊಡ್ಡ ಗಾಯದ ರಕ್ತ ನಿಲ್ಲಿಸುವುದಿಲ್ಲ. ಗಾಯದೊಳಗೆ ಕೊಳೆ ಸೇರಿಸಿ, ವೈದ್ಯರು ಅದನ್ನು ತೊಳೆಯುವುದರಲ್ಲೇ ಹೊತ್ತು ಹೋಗುವಂತೆ ಮಾಡುತ್ತವೆ. ಶುಭ್ರ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಪದೇ ಪದೇ ತೆಗೆದು ನೋಡಬೇಡಿ. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯದ ಮೇಲ್ಗಡೆ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಸಮಯ ಬರೆದಿಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಬೆರಳು ತುಂಡಾದರೆ ಅದನ್ನು ನೇರವಾಗಿ ಐಸ್ ಮೇಲೆ ಇಡಬಾರದು. ಐಸ್ ತಾಗಿದ ಜಾಗ ಸತ್ತು ಹೋಗುತ್ತದೆ. ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಟ್ಟು ಗಾಯಾಳುವಿನ ಜತೆಗೇ ಕಳಿಸಿ.

ತೋಟದಲ್ಲಿ ಒಬ್ಬರೇ ಈ ಕೆಲಸ ಮಾಡಬಾರದು ಎನ್ನುವುದು ಈ ಕಾರಣಕ್ಕೆ. ಊರಿನಿಂದ ದೂರದ ಹೊಲದಲ್ಲಿ ಕೂಗು ಯಾರಿಗೂ ಕೇಳಿಸದೆ ಹೋಗಬಹುದು. ಎಲ್ಲಿದ್ದೇವೆ ಎಂದು ಆಂಬುಲೆನ್ಸಿನವರಿಗೆ ಹೇಳಲು ಗುರುತು ಇರುವ ಜಾಗ ಯಾವುದು ಎಂದು ಮೊದಲೇ ಮಾತಾಡಿಕೊಳ್ಳಿ.

‘ನನ್ನ ಹೊಲ, ನನ್ನ ಮರ’ ಎಂದು ಕೊಯ್ಯಬಹುದೇ?

ಎಲ್ಲ ಮರಕ್ಕೂ ಅಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಬಳ್ಳಾರಿ ಜಾಲಿ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ಶ್ರೀಗಂಧವನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ರಸ್ತೆ ಬದಿಯ, ಕೆರೆಯಂಗಳದ ಮರಗಳು ನಿಮ್ಮವಲ್ಲ. ಸಂಶಯವಿದ್ದರೆ ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ.

ಒಂದು ಕುತೂಹಲದ ಫಾರ್ವರ್ಡ್

‘ಚೈನ್ ಸಾ ಕಂಡುಹಿಡಿದದ್ದು ಹೆರಿಗೆ ಮಾಡಿಸಲು’ ಎಂಬ ಸಂದೇಶವನ್ನೂ ನೀವು ನೋಡಿರಬಹುದು. ಇದು ಅರ್ಧ ನಿಜ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಮೂಳೆ ಕತ್ತರಿಸಲು ಹಲ್ಲಿರುವ ಸಣ್ಣ ಚೈನನ್ನು ಬಳಸಿದ್ದರು. ಕಷ್ಟದ ಹೆರಿಗೆಗಳಲ್ಲಿ ಸೊಂಟದ ಕೀಲು ಬಿಡಿಸುವುದು ಅದರ ಒಂದು ಉಪಯೋಗ. ಆದರೆ ಅದು ಕೈಯಿಂದ ಅತ್ತಿತ್ತ ಎಳೆಯುವ ತೆಳು ಚೈನು, ಯಂತ್ರವಲ್ಲ. ಮರ ಕೊಯ್ಯುವ ಯಂತ್ರ ಬಂದದ್ದು 20ನೇ ಶತಮಾನದಲ್ಲಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ತಯಾರಿಸಿದ ಮೊದಲ ಚೈನ್ ಸಾ ಓಡುತ್ತಿದ್ದದ್ದು ವಿದ್ಯುತ್ತಿನಿಂದ. ಅವರ ಪೆಟ್ರೋಲ್ ಸಾ ಬಂದದ್ದು 1929ರಲ್ಲಿ. ವಿದ್ಯುತ್ ಸಾ ಹೊಸದೇನಲ್ಲ, ಹೊಸದು ಅದರ ಬ್ಯಾಟರಿ ಮಾತ್ರ.

ಹಂಚಿಕೊಳ್ಳುವುದಾದರೆ ಇಷ್ಟನ್ನು ಹಂಚಿಕೊಳ್ಳಿ

- ಬ್ಯಾಟರಿ ಚೈನ್ ಸಾ ಒಳ್ಳೆಯ ಸಾಧನ, ಆಟಿಕೆಯಲ್ಲ. ಮಕ್ಕಳ ಕೈಗೆ ಸಿಗಬಾರದು.
- ಡಬ್ಬದ ಮೇಲಿನ ವೋಲ್ಟ್ ನಂಬಬೇಡಿ, ಚಾರ್ಜರ್ ಮೇಲಿನದನ್ನು ನೋಡಿ. ಚೈನ್ ಬ್ರೇಕ್ ಇದೆಯೇ ಎಂದು ಕೇಳಿ.
- ಎರಡೂ ಕೈಯಲ್ಲಿ ಹಿಡಿಯಿರಿ. ಬಾರಿನ ತುದಿ ಯಾವುದಕ್ಕೂ ತಾಗಬಾರದು.
- ಚೈನು ಮುಟ್ಟುವ ಮೊದಲು ಬ್ಯಾಟರಿ ತೆಗೆಯಿರಿ.
- ಮೊದಲ ದಿನ ನೆಲದ ಮೇಲಿನ ಸೌದೆ ಮಾತ್ರ. ಒಣ ತೆಂಗು, ತಂತಿ ಹತ್ತಿರದ ಮರ ಅನುಭವಿಗಳಿಗೆ ಬಿಡಿ.
- ಒಬ್ಬರೇ ಕೆಲಸ ಮಾಡಬೇಡಿ. 108 ಮತ್ತು 1912 ನೆನಪಿರಲಿ.

ಸಾವಿರಾರು ರೂಪಾಯಿ ಕೊಟ್ಟು ಮಷಿನ್ ತರುವವರು ಕನ್ನಡಕ, ಗ್ಲೌಸ್, ಬೂಟು, ಹೆಲ್ಮೆಟ್‌ಗೆ ಇನ್ನಷ್ಟು ಖರ್ಚು ಮಾಡಲು ಹಿಂಜರಿಯುವುದನ್ನು ನಾವು ನೋಡುತ್ತೇವೆ. ಬಾಡಿಗೆಗೆ ಸಾ ತಂದು ಕೂಲಿಯಾಳಿನ ಕೈಗೆ ಕೊಡುವ ಜಮೀನುದಾರರಿಗೂ ಇದೇ ಮಾತು. ಕೊಂಬೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೆರಳು ಚಿಗುರುವುದಿಲ್ಲ. ಹೊಸ ಸಾ ತಂದಿರುವ ಯಾರಾದರೂ ನಿಮ್ಮ ಗ್ರೂಪಿನಲ್ಲಿದ್ದರೆ, ಅವರು ಸ್ವಿಚ್ ಒತ್ತುವ ಮೊದಲು ಇದನ್ನು ಕಳಿಸಿ.